ಇಪ್ಪತ್ತೇಳು ಆಳಿನ ಫೀಸು

ಮಳೆ ಹಿಡಿದು ಮೂರು ವಾರವಾಗಿತ್ತು. ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ಕಳೆ ಅದಕ್ಕಿಂತ ನಾಲ್ಕು ಬೆರಳು ಮೇಲೆಯೇ ಬಂದಿತ್ತು. ವರ್ಷದಲ್ಲಿ ಈ ಎರಡು ವಾರ ಊರಿನಲ್ಲಿ ಯಾರ ಮುಖವೂ ಯಾರಿಗೂ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಸಾಲಿಗೊಬ್ಬರಂತೆ ಕುಕ್ಕರುಗಾಲಿನಲ್ಲಿ ಕೂತು, ಎಡಗೈಯಲ್ಲಿ ಕಳೆಯ ಜುಟ್ಟು ಹಿಡಿದು, ಬಲಗೈಯ ಕುಡುಗೋಲಿನ ತುದಿಯಿಂದ ಬೇರು ಮೀಟಿ, ಮಣ್ಣು ಕೊಡವಿ, ಬೇರು ಬಿಸಿಲಿಗೆ ಕಾಣುವಂತೆ ಮಲಗಿಸಿ ಮುಂದಕ್ಕೆ ಜರುಗಬೇಕು. ಈ ಕೆಲಸಕ್ಕೆ ಅಲ್ಲಿ ಕೂಲಿಯಿಲ್ಲ, ಮುಯ್ಯಿ. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಒಂದು ಆಳಿಗೆ ಒಂದು ಆಳು. ಬರೆದಿಡುವವರಿಲ್ಲ, ಮರೆಯುವವರೂ ಇಲ್ಲ.

ಹೊರಟಣ್ಣ ಎಂದು ಊರೆಲ್ಲ ಕರೆಯುತ್ತಿದ್ದ ರೈತ ಅವತ್ತು ತನ್ನ ಸಾಲಿನಲ್ಲಿ ಬೆಳೆಯನ್ನೇ ಎರಡು ಸಲ ಕಿತ್ತು, ಯಾರೂ ನೋಡದಂತೆ ಮತ್ತೆ ನೆಟ್ಟ. ಮನಸ್ಸು ನೆಟ್ಟಗಿರಲಿಲ್ಲ. ಎದುರಿನವರ ಮಾತು ಮುಗಿಯುವ ಮೊದಲೇ ಹೊರಟುಬಿಡುವ ಅಭ್ಯಾಸದಿಂದ ಅವನಿಗೆ ಆ ಬಿರುದು ಬಂದಿತ್ತು. ಒಮ್ಮೆ ಡಾಕ್ಟರು ಮುಲಾಮಿನ ಡಬ್ಬಿ ಕೊಟ್ಟು “ದಿನಕ್ಕೆ ಮೂರು ಸಲ” ಎಂದಿದ್ದರು. “ಮೊಣಕಾಲಿಗೆ ಹಚ್ಚಿ” ಎನ್ನುವಷ್ಟರಲ್ಲಿ ಅವನು ಬಸ್ ಹತ್ತಿಯಾಗಿತ್ತು. ಎರಡು ದಿನ ಚಮಚದಲ್ಲಿ ತಿಂದ. ಆಶ್ಚರ್ಯವೆಂದರೆ ಮೊಣಕಾಲು ನೋವು ಹೋಯಿತು. ಆದ್ದರಿಂದ ಅಭ್ಯಾಸ ಹೋಗಲಿಲ್ಲ.

ಈಗಿನ ಸಂಕಟ ಮಗಳದು. ಪೇಟೆಯ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಫೀಸು ಹದಿನೆಂಟು ಸಾವಿರ, ಶನಿವಾರ ಮಧ್ಯಾಹ್ನದೊಳಗೆ ಕಟ್ಟಬೇಕು. ಮನೆಯಲ್ಲಿದ್ದದ್ದು ಹನ್ನೊಂದು.

“ಮುಂದಿನ ವರ್ಷ ನೋಡೋಣ ಬಿಡಪ್ಪ,” ಎಂದಿದ್ದಳು ಮಗಳು, ಅಪ್ಪನ ಮುಖ ನೋಡದೆ.

ಮುಂದಿನ ವರ್ಷ ನೋಡೋಣ ಎಂದ ಹುಡುಗಿಯರು ಊರಿನಲ್ಲಿ ಐದು ಜನ ಇದ್ದರು. ಐವರೂ ಈಗ ಅವನ ಪಕ್ಕದ ಸಾಲುಗಳಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹೊರಟಣ್ಣ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಎದ್ದ.

“ಎಲ್ಲಿಗೆ?” ಎಂದಳು ಹೆಂಡತಿ.

“ಕಾಲೇಜಿಗೆ. ಕೇಳಿ ನೋಡ್ತೀನಿ. ಯಾವ ಸಾಮಾನಿಗೂ ಹೇಳೋ ರೇಟು ಒಂದು, ಕೊಡೋ ರೇಟು ಒಂದು ಇದ್ದೇ ಇರುತ್ತೆ.”

“ಅದು ಸಂತೆ ಅಲ್ಲ ಕಣ್ರೀ. ಅಲ್ಲಿ ಹೋಗಿ—”

ಅವನು ಹೊರಟಾಗಿತ್ತು. ಮಗಳು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದಳು.

ಫೀಸಿನ ಕಿಟಕಿಯ ಹಿಂದೆ ಕನ್ನಡಕದ ಗುಮಾಸ್ತನೊಬ್ಬ ಕೂತಿದ್ದ. ಹೊರಟಣ್ಣನ ಹಿಂದೆ ಹನ್ನೆರಡು ಮಂದಿ ಅಪ್ಪಂದಿರ ಸಾಲಿತ್ತು.

“ಹದಿನೆಂಟು ಸಾವಿರ,” ಎಂದ ಗುಮಾಸ್ತ, ತಲೆಯೆತ್ತದೆ.

“ಕೊನೇ ಮಾತು ಹೇಳಿ ಸಾರ್.”

ಗುಮಾಸ್ತ ತಲೆಯೆತ್ತಿದ. “ಇದು ಕಾಲೇಜು ಕಣ್ರೀ!”

“ಗೊತ್ತು ಸಾರ್. ಅದಕ್ಕೇ ಮರ್ಯಾದೆಯಾಗಿ ಕೇಳ್ತಾ ಇದೀನಿ. ಪಟ್ಟಿ ಕೊಡಿ ಇಲ್ಲಿ. ಆಟೋಟಕ್ಕೆ ಆರುನೂರು ಅಂತ ಹಾಕಿದೀರಿ. ನಮ್ಮ ಹುಡುಗಿ ಆಡಲ್ಲ. ಚಿಕ್ಕವಳಿದ್ದಾಗ ಕಾಲು ಉಳುಕಿತ್ತು. ಅದನ್ನ ತೆಗೀರಿ.”

“ತೆಗೆಯೋಕಾಗಲ್ಲ.”

“ಗ್ರಂಥಾಲಯಕ್ಕೆ ಸಾವಿರದ ಇನ್ನೂರು. ಓದಿ ವಾಪಸ್ ಕೊಟ್ಟುಬಿಡ್ತಾಳೆ ಸಾರ್, ಇಟ್ಕೊಳೋಳಲ್ಲ.”

“ಎಲ್ಲರೂ ವಾಪಸ್ಸೇ ಕೊಡೋದು!”

“ಮತ್ತೆ ಕೊಂಡ ಹಂಗೆ ಯಾಕೆ ದುಡ್ಡು ತಗೋತೀರಿ? ಆಯ್ತು, ಬಿಡಿ. ಇಲ್ಲಿ ಕೆಳಗೆ ‘ಇತರೆ’ ಅಂತ ಎರಡು ಸಾವಿರದ ನಾನೂರು ಇದೆ. ಇತರೆ ಅಂದ್ರೇನು?”

“ಇತರೆ ಅಂದ್ರೆ… ಮೇಲಿನದು ಯಾವುದೂ ಅಲ್ಲದ್ದು.”

“ಮೇಲಿನದೆಲ್ಲ ಕೊಟ್ಟಮೇಲೆ, ಅಲ್ಲದ್ದಕ್ಕೂ ಕೊಡಬೇಕಾ?”

ಸಾಲಿನಲ್ಲಿದ್ದ ದಪ್ಪ ಮೀಸೆಯ ಅಪ್ಪನೊಬ್ಬ ಕತ್ತು ಚಾಚಿದ. “ಹೌದು ಸಾರ್, ನಾನೂ ಕೇಳಬೇಕು ಅಂತಿದ್ದೆ. ಇತರೆ ಅಂದ್ರೇನು?” ಹನ್ನೆರಡೂ ಅಪ್ಪಂದಿರು ತಮ್ಮ ತಮ್ಮ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಈ ಚರ್ಚೆ ಬೆಳೆದರೆ ಸಂಸ್ಥೆಯ ಅಡಿಪಾಯಕ್ಕೇ ಅಪಾಯವೆಂದು ಮನಗಂಡ ಗುಮಾಸ್ತ, ಹೊರಟಣ್ಣನನ್ನು ನೇರ ಪ್ರಿನ್ಸಿಪಾಲರ ಕೋಣೆಗೆ ದಾಟಿಸಿದ. ಮಗಳು ನಾಚಿಕೆಯಿಂದ ನೋಟೀಸ್ ಬೋರ್ಡಿನ ಮುಂದೆ ನಿಂತು, ಮೂರು ವರ್ಷ ಹಳೆಯ ಒಂದು ಪ್ರಕಟಣೆಯನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ದಣಿದವರು. ಕಾಗದಗಳಿಗೆ ಸಹಿ ಹಾಕುತ್ತಲೇ ಹೇಳಿದರು: “ಫೀಸು ಮೇಲಿನವರು ಗೊತ್ತು ಮಾಡೋದು, ನನ್ನ ಕೈಲಿಲ್ಲ. ಒಂದು ನಿಯಮ ಇದೆ. ಕಾಲೇಜಿನಲ್ಲೇ ದಿನಕ್ಕೆ ಎರಡು ಗಂಟೆ ಕೆಲಸ ಮಾಡೋ ವಿದ್ಯಾರ್ಥಿಗೆ ಫೀಸು ಅರ್ಧ. ಆದ್ರೆ ಕೊಡೋಕೆ ಕೆಲಸ ಎಲ್ಲಿದೆ? ಇರೋದು ಇದೊಂದು ಕೆಲಸ,” ಎಂದು ಪೆನ್ನಿನಿಂದ ಕಿಟಕಿಯಾಚೆ ತೋರಿಸಿದರು. “ಆವರಣ ಪೂರ್ತಿ ಕಾಡು ಬೆಳೆದಿದೆ. ಮೊನ್ನೆ ಪರೀಕ್ಷೆ ಕೋಣೆಗೆ ಹಾವು ಬಂದಿತ್ತು. ಇಪ್ಪತ್ತೈದು ಮೂವತ್ತು ಆಳು ಒಂದು ದಿನ ಕೂತು ಕಿತ್ತರೆ…”

ಇಲ್ಲಿ ಅವರು ಒಂದು ಸಹಿ ಹಾಕಲು ನಿಲ್ಲಿಸಿದರು. ಸಹಿ ಉದ್ದನೆಯದು.

“…ಚೊಕ್ಕಟ ಆಗುತ್ತೆ ನಿಜ, ಆದ್ರೆ ಅದು ವಿದ್ಯಾರ್ಥಿಯ ಕೆಲಸ ಅಂತ ಲೆಕ್ಕಕ್ಕೆ ಬರಲ್ಲ. ಅಲ್ಲದೆ ಹಿಂದಿನ ಬೇಲಿಯೊಳಗೆ ಯಾರೂ ಕಾಲಿಡೋ ಹಾಗಿಲ್ಲ, ಅದು ಸಸ್ಯಶಾಸ್ತ್ರದ ಮೇಷ್ಟ್ರ ಜಾಗ,” ಎಂದು ಅವರು ಮುಗಿಸಿದ್ದು ಖಾಲಿ ಕುರ್ಚಿಗೆ.

“ಆಯ್ತು, ಅರ್ಧ ಫೀಸು!” ಎಂದ ಹೊರಟಣ್ಣ, ಮಗಳ ಕೈ ಹಿಡಿದು ಎಳೆಯುತ್ತ. “ಒಂಬತ್ತು ಸಾವಿರ ಕಟ್ಟಿದ್ರೆ ಮುಗೀತು. ಬಸ್ಸಿಗೆ ಎರಡು ಸಾವಿರ ಮಿಕ್ಕಿತು!”

“ಅವರು ಸರಿಯಾಗಿ ಏನಂದ್ರಪ್ಪ? ಪೂರ್ತಿ ಹೇಳು.”

“ಪೂರ್ತೀನೇ ಹೇಳಿದ್ದು,” ಎಂದ ಅವನು. ಅವನ ಮಟ್ಟಿಗೆ ಅದು ಸತ್ಯವಾಗಿತ್ತು.

ಮಾರನೆಯ ದಿನ ಅವನು ಊರಿನ ಮನೆಮನೆಗೂ ಹೋಗಿ ಮುಯ್ಯಿ ಕೇಳಿದ. ಕಳೆಯ ಕಾಲದಲ್ಲಿ ಒಂದು ದಿನ ಕೇಳುವುದೆಂದರೆ ಒಂದು ಹಲ್ಲು ಕೇಳಿದಂತೆ. ಆದರೂ ಊರು ಬಾಗಿಲು ಹಾಕಲಿಲ್ಲ. ಕಮ್ಮಾರ ಮಾತ್ರ ತಿದಿ ಒತ್ತುವುದನ್ನು ನಿಲ್ಲಿಸಿ ವಿಚಾರಣೆ ಶುರುಮಾಡಿದ. ಊರಿನಲ್ಲಿ ಕಬ್ಬಿಣವನ್ನೂ ಮನುಷ್ಯರನ್ನೂ ಬಡಿಯುವ ಹಕ್ಕು ತನಗಿದೆಯೆಂದು ಅವನ ನಂಬಿಕೆ.

“ಕಾಲೇಜಿನ ಕಳೆ ಕೀಳೋಕೆ ನಾವು ಹೋಗಬೇಕಾ? ಅಲ್ಲಿ ಅಷ್ಟೊಂದು ಓದಿದವರು ಇದಾರಲ್ಲ, ಅವರಿಗೇನಾಗಿದೆ?”

“ಓದಿದವರಿಗೆ ಬಗ್ಗೋಕೆ ಬರಲ್ಲ ಅಣ್ಣ.”

“ಮತ್ತೆ ನಿನ್ನ ಮಗಳನ್ನ ಯಾಕೋ ಕಳಿಸ್ತೀಯ ಅಲ್ಲಿಗೆ?”

“ಬಗ್ಗೋದು ಬೇಡ ಅಂತಾನೇ.”

ಕಮ್ಮಾರ ಎರಡು ಸಲ ತಿದಿ ಒತ್ತಿದ. “ನಾನೂ ಬರ್ತೀನಿ, ನನ್ನ ಹೆಂಡ್ತೀನೂ ಬರ್ತಾಳೆ. ಎರಡು ಆಳು ಅಂತ ನೆನಪಿಟ್ಕೋ.”

ಬೀದಿಯ ಕೊನೆಮನೆ ಅಜ್ಜಿಯ ಬಾಗಿಲಿಗೆ ಅವನು ಹೋಗಲಿಲ್ಲ. ಎಪ್ಪತ್ತು ದಾಟಿದ ಮುದುಕಿ; ಅವಳ ಅರ್ಧ ಎಕರೆಯಲ್ಲಿ ಬೆಳೆ ಯಾವುದು ಕಳೆ ಯಾವುದು ಎಂದು ಪತ್ತೆ ಹಚ್ಚಬೇಕಿತ್ತು. ಆದರೆ ಅಜ್ಜಿಯೇ ಅವನ ಮನೆ ಮುಂದೆ ಬಂದು ಕೋಲು ಕುಟ್ಟಿದಳು.

“ಎಲ್ಲರನ್ನೂ ಕರೆದೆ, ನನ್ನ ಬಿಟ್ಟೆ. ನಾನೇನು ಸತ್ತಿದೀನಾ?”

“ಹಾಗಲ್ಲ ಅಜ್ಜಿ, ನಿನ್ನ ಹೊಲದ್ದೇ…”

“ನನ್ನ ಹೊಲದ ಕಳೆ ಎಲ್ಲಿಗೂ ಓಡಿ ಹೋಗಲ್ಲ. ಮನೇಲಿ ಬೇರೆ ಆಳಿಲ್ಲ, ನಾನೇ ಬರ್ತೀನಿ. ಗಾಡೀಲಿ ಕೂರಿಸ್ಕೋ.”

ಹೀಗೆ ಇಪ್ಪತ್ತೇಳು ಆಳಾಯಿತು.

ಶುಕ್ರವಾರ ಬೆಳಿಗ್ಗೆ ಮಗಳು ತಾನು ಪಿಯುಸಿ ಓದಿದ ಕಡೆ ಸರ್ಟಿಫಿಕೇಟು ತರಲು ಹೋದಳು. ಅಪ್ಪ ಎತ್ತಿನಗಾಡಿ ಕಟ್ಟಿದ. ಅವತ್ತು ಕಾಲೇಜಿನಲ್ಲಿ ಪಾಠವಿರಲಿಲ್ಲ, ಪ್ರಿನ್ಸಿಪಾಲರು ಯಾವುದೋ ಸಭೆಗೆ ಹೋಗಿದ್ದರು. ಗೇಟಿನ ಕಾವಲುಗಾರ “ಯಾರು ಹೇಳಿದ್ದು?” ಎಂದ. “ಪ್ರಿನ್ಸಿಪಾಲರು” ಎಂದ ಹೊರಟಣ್ಣ. ಕಾವಲುಗಾರ ಇಪ್ಪತ್ತೆಂಟು ಕುಡುಗೋಲುಗಳನ್ನು ಎಣಿಸಿ ನೋಡಿ, ಇದಕ್ಕಿಂತ ಹೆಚ್ಚಿಗೆ ವಿಚಾರಿಸುವುದು ತನ್ನ ಸಂಬಳದ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಮಾನಿಸಿ ಗೇಟು ತೆಗೆದ.

ಮಧ್ಯಾಹ್ನದ ಹೊತ್ತಿಗೆ ಮುಂದಿನ ಅಂಗಳ, ಸೈಕಲ್ ನಿಲ್ಲಿಸುವ ಜಾಗ, ಪರೀಕ್ಷೆ ಕೋಣೆಯ ಸುತ್ತಮುತ್ತ ಎಲ್ಲ ಬಾಚಣಿಗೆಯಲ್ಲಿ ಬಾಚಿದಂತಾಯಿತು. ಊಟ ಮುಗಿಸಿ ಕಟ್ಟಡದ ಹಿಂದಕ್ಕೆ ಬಂದರೆ, ಅಲ್ಲೊಂದು ತಂತಿಬೇಲಿ. ಒಳಗೆ ಅಚ್ಚುಕಟ್ಟಾಗಿ ಕಟ್ಟಿದ ಸಣ್ಣ ಸಣ್ಣ ಮಡಿಗಳು. ಮಡಿಗಳಲ್ಲಿ ಮಾತ್ರ ಬರೀ ಕಳೆ: ಜೇಕು, ಗರಿಕೆ, ನೆಗ್ಗಿಲು, ಮುಟ್ಟಿದರೆ ಮುನಿ!

“ಅಯ್ಯೋ ಪಾಪ,” ಎಂದಳು ಅಜ್ಜಿ. “ಏನು ಬಿತ್ತಿದ್ರೋ ಏನೋ. ಒಂದು ಪೈರೂ ಉಳಿದಿಲ್ಲ.”

ಮಡಿಗೊಂದರಂತೆ ತಗಡಿನ ಚೀಟಿ ಚುಚ್ಚಿತ್ತು. ಮೇಲೆ ಯಾರಿಗೂ ಓದಲು ಬಾರದ ಅಕ್ಷರ.

“ಹೆಸರು ಬರೆದಿದಾರೆ,” ಎಂದ ಕಮ್ಮಾರ. “ಹುಡುಗರ ಹೆಸರಿರಬೇಕು. ಒಂದೊಂದು ಮಡಿ ಒಬ್ಬೊಬ್ಬನಿಗೆ ವಹಿಸಿರ್ತಾರೆ. ನೋಡ್ರಪ್ಪಾ, ಒಬ್ಬನಾದ್ರೂ ಕೈ ಆಡಿಸಿದಾನಾ! ನನ್ನ ಮಗ ಆಗಿದ್ರೆ ಕಾಲು ಮುರೀತಿದ್ದೆ.”

ಆ ಸೋಮಾರಿ ಹುಡುಗರ ಮಾನ ಉಳಿಸಲು ಇಪ್ಪತ್ತೆಂಟು ಜನ ಒಳಗಿಳಿದರು. ಇಷ್ಟು ಮುತುವರ್ಜಿಯಿಂದ ಅವರು ತಮ್ಮ ಹೊಲದಲ್ಲೂ ಕಳೆ ಕಿತ್ತಿರಲಿಲ್ಲ. ಹೊರಟಣ್ಣ ತಗಡುಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಜೋಡಿಸಿಟ್ಟ. ಕಿತ್ತದ್ದನ್ನು ತಂದು ಎತ್ತುಗಳ ಮುಂದೆ ಸುರಿದರು. ಎತ್ತುಗಳು ಈ ಕಾಲೇಜಿನ ಬಗ್ಗೆ ಒಳ್ಳೆಯ ಅಭಿಪ್ರಾಯ ತಳೆದವು.

ಸಂಜೆ ನಾಲ್ಕಕ್ಕೆ ಹೆಗಲಿಗೆ ಚೀಲ ಹಾಕಿಕೊಂಡು, ತೆಳ್ಳಗಿನ ವ್ಯಕ್ತಿಯೊಬ್ಬರು ಸೈಕಲ್ಲಿನಲ್ಲಿ ಬಂದರು. ಅವರು ಸಸ್ಯಶಾಸ್ತ್ರದ ಮೇಷ್ಟ್ರು. ಬೇಲಿಯ ಹತ್ತಿರ ಸೈಕಲ್ ನಿಲ್ಲಿಸಿದರು. ಅದು ಬಿತ್ತು, ಎತ್ತಲಿಲ್ಲ. ಸ್ವಲ್ಪ ಹೊತ್ತು ನಿಂತವರು ನೆಲದ ಮೇಲೆ ಕೂತುಬಿಟ್ಟರು.

“ಇಲ್ಲಿ… ಇಲ್ಲಿ ಇದ್ದದ್ದು?”

“ಎಲ್ಲಾ ಚೊಕ್ಕಟ ಸಾರ್!” ಎಂದ ಹೊರಟಣ್ಣ ಎದೆಯುಬ್ಬಿಸಿ. “ಒಂದು ಬೇರು ಉಳಿಸಿಲ್ಲ. ಬೇಕಾದ್ರೆ ಅಗೆದು ನೋಡಿ.”

“ಆರು ವರ್ಷ,” ಎಂದರು ಮೇಷ್ಟ್ರು. “ಆರು ವರ್ಷದಿಂದ ಬೆಳೆಸಿದ್ದೆ.”

“ಏನು ಬೆಳೆಸಿದ್ರಿ ಸಾರ್?”

“ಕಳೆ.”

ಇಪ್ಪತ್ತೆಂಟು ಜನ ಒಬ್ಬರ ಮುಖ ಒಬ್ಬರು ನೋಡಿದರು. ಕಳೆ ಬೆಳೆಸುವ ಮನುಷ್ಯನನ್ನು ಅವರಲ್ಲಿ ಯಾರೂ ಜನ್ಮದಲ್ಲಿ ಕಂಡಿರಲಿಲ್ಲ. ಅಜ್ಜಿ ಮೇಷ್ಟ್ರ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು: “ಮನೇಲಿ ನೋಡ್ಕೊಳೋರು ಯಾರಾದ್ರೂ ಇದಾರೇನಪ್ಪ?”

ಯಾವ ಕಳೆ ಎಷ್ಟು ನೀರು ಕುಡಿಯುತ್ತದೆ, ಯಾವುದು ಪಕ್ಕದ ಬೆಳೆಯನ್ನು ಹೇಗೆ ಕುಗ್ಗಿಸುತ್ತದೆ ಎಂದು ರೈತರಿಗಾಗಿಯೇ ಅವರು ನಲವತ್ತೊಂದು ಜಾತಿಯ ಕಳೆ ಬೆಳೆಸಿ ಅಳೆಯುತ್ತಿದ್ದರು. ಟಿಪ್ಪಣಿ ಪುಸ್ತಕಗಳಿದ್ದವು, ಗಿಡಗಳಿರಲಿಲ್ಲ. ಇದನ್ನೆಲ್ಲ ಅವರು ವಿವರಿಸುತ್ತಿರುವಾಗ ಎಡಗಡೆಯ ಎತ್ತು ನಲವತ್ತೊಂದನೆಯದನ್ನು ಮೆಲುಕು ಹಾಕುತ್ತಿತ್ತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. “ನಾನು ನಿಮಗೆ ಹೇಳಿದ್ದೇನು?”

“ಮೂವತ್ತು ಆಳು ಕಿತ್ತರೆ ಅಂದ್ರಿ ಸಾರ್.”

“ಆಮೇಲೆ?”

“ಆಮೇಲೆ… ನಾನು ಹೊರಟೆ.”

“ಮಹರಾಯ!” ಎಂದರು ಪ್ರಿನ್ಸಿಪಾಲರು. ಆಮೇಲೆ ನಿಧಾನವಾಗಿ ಹೇಳತೊಡಗಿದರು: ಆಳು ತಂದು ಕಳೆ ಕೀಳಿಸಿದರೆ ಫೀಸು ಕಡಿಮೆಯಾಗುವುದಿಲ್ಲ, ನಾಳೆ ಮಧ್ಯಾಹ್ನದೊಳಗೆ ಪೂರ್ತಿ ಹದಿನೆಂಟು ಸಾವಿರ ಕಟ್ಟಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿರುವ ಮುಂದಿನ ಹುಡುಗಿಗೆ. ಜೀವನದಲ್ಲಿ ಮೊದಲ ಸಲ ಹೊರಟಣ್ಣ ಒಬ್ಬರ ಮಾತು ಕೊನೆಯ ಅಕ್ಷರದವರೆಗೂ ನಿಂತು ಕೇಳಿದ. ಮುಗಿದ ಮೇಲೂ ನಿಂತೇ ಇದ್ದ. ಹೋಗಲು ಅವನಿಗೆ ಯಾವ ಜಾಗವೂ ತೋಚಲಿಲ್ಲ.

ಸರ್ಟಿಫಿಕೇಟು ಹಿಡಿದು ಬಸ್ಸಿಳಿದ ಮಗಳು ಅಪ್ಪ ಕಾಲೇಜಿನಲ್ಲೇ ಇರುತ್ತಾನೆಂದು ನೇರ ಅಲ್ಲಿಗೇ ಬಂದಳು. ಬೋಳಾದ ಮಡಿ, ಕೂತ ಮೇಷ್ಟ್ರು, ನಿಂತ ಅಪ್ಪ. ಇಷ್ಟು ಸಾಕಾಯಿತು. ಬೈಯಲಿಲ್ಲ. ಜೋಡಿಸಿಟ್ಟ ತಗಡಿನ ರಾಶಿಯಿಂದ ಒಂದನ್ನು ಎತ್ತಿಕೊಂಡು, ಅದರ ಮೇಲಿದ್ದ ಉದ್ದನೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದಳು.

“ಸಾರ್, ಇದು ಹೇಗಿತ್ತು?”

ಮೇಷ್ಟ್ರು ತಲೆಯೆತ್ತದೆ ಹೇಳಿದರು: “ಗೇಣುದ್ದ. ಎಲೆಯ ಅಡಿಯಲ್ಲಿ ಸಾಲಾಗಿ ಸಣ್ಣ ಕಾಯಿ.”

“ನೆಲನೆಲ್ಲಿ,” ಎಂದರು ಹಿಂದಿನಿಂದ ಏಳೆಂಟು ಜನ ಒಟ್ಟಿಗೆ.

“ಇದು?”

“ಬಿಳೀ ಹೂವು. ಗಂಟುಗಂಟಾಗಿ, ಕಾಂಡದ ಸುತ್ತ.”

“ತುಂಬೆ,” ಎಂದಳು ಕಮ್ಮಾರನ ಹೆಂಡತಿ. “ನಮ್ಮ ಬದುವಿನ ತುಂಬ ಅದೇ. ಬೇಕಾದ್ರೆ ಗಾಡಿ ತುಂಬಿ ಕಳಿಸ್ತೀನಿ.”

ಮೇಷ್ಟ್ರು ತಲೆಯೆತ್ತಿದರು. “ಬೇರು ಸಮೇತ ಬೇಕು.”

“ಬೇರು ಸಮೇತ ಅಲ್ಲದೆ ಬೇರೆ ಥರ ಕೀಳೋಕೆ ನಮಗೆಲ್ಲಿ ಬರುತ್ತೆ?” ಎಂದಳು ಅಜ್ಜಿ. “ನಾಳೆ ಬೆಳಿಗ್ಗೆ ತರ್ತೀವಿ. ನೀನೀಗ ಎದ್ದು ಮುಖ ತೊಳ್ಕೋ.”

ಶನಿವಾರ ಬೆಳಿಗ್ಗೆ ಪೇಟೆಯ ಜನ ವಿಚಿತ್ರವಾದ ಮೆರವಣಿಗೆಯೊಂದನ್ನು ಕಂಡರು. ಹುಟ್ಟಿದಾಗಿನಿಂದ ಕಳೆಯನ್ನು ಬೈಯುತ್ತ ಬಂದ ಇಪ್ಪತ್ತೆಂಟು ಜನ, ಅದೇ ಕಳೆಯನ್ನು ಒದ್ದೆ ಮಣ್ಣಿನ ಸಮೇತ ಬುಟ್ಟಿಯಲ್ಲಿಟ್ಟು, ಬಿಸಿಲು ತಾಗದಂತೆ ಸೆರಗು, ವಲ್ಲಿ ಹೊದಿಸಿ, ಹಸುಗೂಸಿನಂತೆ ಎತ್ತಿಕೊಂಡು ನಡೆಯುತ್ತಿದ್ದರು. ಮುಟ್ಟಿದರೆ ಮುನಿ ತಂದ ಕಮ್ಮಾರ, ಅದು ಮುನಿಸಿಕೊಂಡರೆ ಮೇಷ್ಟ್ರು ಒಪ್ಪುತ್ತಾರೋ ಇಲ್ಲವೋ ಎಂದು ಎರಡು ಮೈಲಿ ಉಸಿರು ಬಿಗಿಹಿಡಿದು ನಡೆದ.

ಮಗಳು ತಗಡು ಓದುವಳು, ಮೇಷ್ಟ್ರು ರೂಪ ಹೇಳುವರು, ಊರು ಹೆಸರು ಕೂಗುವುದು, ಗಿಡ ಮಡಿಗೆ ಇಳಿಯುವುದು. ನಡುವೆ ಜಗಳವೂ ನಡೆಯಿತು.

“ಇದು ಗಣಿಕೆ,” ಎಂದ ಕಮ್ಮಾರ.

“ನಿನ್ನ ತಲೆ. ಗಣಿಕೆ ಹಣ್ಣು ಕರ್ರಗಿರುತ್ತೆ. ನೀನು ಸುತ್ತಿಗೆ ಹಿಡಿ ಹೋಗು,” ಎಂದಳು ಅಜ್ಜಿ. ಆಮೇಲೆ ತನ್ನ ಬುಟ್ಟಿಯಿಂದ ಜೇಕಿನ ಗೆಡ್ಡೆ ತೆಗೆದು ಮೇಷ್ಟ್ರ ಅಂಗೈಯಲ್ಲಿಟ್ಟಳು. “ಇದನ್ನ ಜೋಪಾನವಾಗಿ ಬೆಳೆಸು ಅಂತ ಹೇಳೋ ಹಂಗೇ ಇಲ್ಲ. ನಮ್ಮ ಯಜಮಾನರು ಇದನ್ನ ಸಾಯಿಸ್ತೀನಿ ಅಂತ ಮೂವತ್ತು ವರ್ಷ ಹಟ ಹಿಡಿದ್ರು. ಅವರು ಹೋದ್ರು, ಇದು ಇದೆ.”

ಮೇಷ್ಟ್ರು ಬರೆಯುತ್ತಲೇ ಇದ್ದರು. ಅವರ ದಪ್ಪ ಪುಸ್ತಕದಲ್ಲಿ ‘ಊರ ಹೆಸರು’ ಎಂಬ ಕಾಲಂ ಆರು ವರ್ಷದಿಂದ ಖಾಲಿ ಬಿದ್ದಿತ್ತು. ಹತ್ತೂವರೆಗೆ ನಲವತ್ತೊಂದು ಮುಗಿಯಿತು. ತಗಡಿನಲ್ಲಿ ಹೆಸರಿಲ್ಲದವೂ ಸೇರಿ ಹನ್ನೊಂದಕ್ಕೆ ಐವತ್ತೆಂಟಾಯಿತು. ಮೇಷ್ಟ್ರು ಎದ್ದು, ಮಣ್ಣು ಮೆತ್ತಿದ ಕೈಯಲ್ಲೇ ಪ್ರಿನ್ಸಿಪಾಲರ ಕೋಣೆಗೆ ಹೋದರು. ಹೊರಟಣ್ಣ ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತ. ಈ ಸಲ ಕಾಲು ಕದಲಲಿಲ್ಲ.

“ಇಷ್ಟು ಗಿಡ ನನ್ನೊಬ್ಬನ ಕೈಲಿ ಆಗಲ್ಲ. ದಿನಾ ಎರಡು ಗಂಟೆ ನೋಡ್ಕೊಳೋಕೆ ಒಬ್ಬ ವಿದ್ಯಾರ್ಥಿ ಬೇಕು. ತಗಡಿನ ಹೆಸರೂ ಊರಿನ ಹೆಸರೂ ಎರಡೂ ಗೊತ್ತಿರಬೇಕು,” ಎಂದಿತು ಮೇಷ್ಟ್ರ ದನಿ.

“ಅಂಥವರು ಎಲ್ಲಿ ಸಿಗ್ತಾರೆ ಮೇಷ್ಟ್ರೇ?”

“ಹೊರಗೆ ಮಡಿಗೆ ನೀರು ಹಾಕ್ತಾ ಇದಾಳೆ.”

ಒಳಗೆ ಕಿಟಕಿಯ ಬಾಗಿಲು ತೆರೆದ ಸದ್ದಾಯಿತು. ಆಮೇಲೆ ಉದ್ದನೆಯ ಒಂದು ಸಹಿಯ ಕರಕರ ಕೇಳಿಸಿತು.

ಹನ್ನೆರಡಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಗುಮಾಸ್ತ ಒಂಬತ್ತು ಸಾವಿರಕ್ಕೆ ರಸೀತಿ ಹರಿದು ಕೊಟ್ಟ. ಅಪ್ಪ ಅದನ್ನು ಮಡಚದೆ, ಒಣಗಲಿಕ್ಕಿಟ್ಟ ಹಪ್ಪಳದಂತೆ ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಹೊರಗೆ ತಂದ. ಮಗಳು ಮಣ್ಣಿನ ಕೈಯನ್ನು ಲಂಗಕ್ಕೆ ಒರೆಸಿಕೊಂಡು ರಸೀತಿಯಲ್ಲಿ ತನ್ನ ಹೆಸರು ಓದಿದಳು. ಇನ್ನೊಮ್ಮೆ ಓದಿದಳು. ಬಳಿಕ ಅಪ್ಪನ ತೋಳಿಗೆ ಹಣೆ ಒತ್ತಿ ನಿಂತಳು. ಕಮ್ಮಾರ ಬೇರೆ ಕಡೆ ತಿರುಗಿ, ಕಣ್ಣಿಗೆ ಏನೋ ಕಳೆಯ ಬೀಜ ಬಿತ್ತೆಂದು ಯಾರೂ ಕೇಳದಿದ್ದರೂ ವಿವರಣೆ ಕೊಟ್ಟ.

ಕಾಲೇಜು ಶುರುವಾಯಿತು. ಮಗಳು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದಳು. ಹೊರಟಣ್ಣ ದಿನಕ್ಕೊಂದು ಹೊಲದಂತೆ ಮುಯ್ಯಿ ತೀರಿಸುತ್ತ ಹೋದ. ಇಬ್ಬರು ಬಂದ ಮನೆಗೆ ಎರಡು ದಿನ; ಶನಿವಾರದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೊದಲ ಸುತ್ತಿನ ಕಳೆ ಮುಗಿದು ಎರಡನೆಯ ಸುತ್ತು ಬಂತು. ತನ್ನ ಹೊಲದ್ದನ್ನು ಹೆಂಡತಿ ಬೈದುಕೊಂಡೇ ಕಿತ್ತಳು. ತೆನೆ ಬಿಡುವ ಹೊತ್ತಿಗೆ ಇಪ್ಪತ್ತಾರು ಆಳು ತೀರಿ, ಒಂದು ಉಳಿಯಿತು.

ಅವನು ಅಜ್ಜಿಯ ಹೊಲಕ್ಕೆ ಹೋಗಿ ಮೊದಲ ಸಾಲಿನಲ್ಲಿ ಕುಕ್ಕರುಗಾಲು ಹಾಕಿದ.

“ಅದನ್ನ ಮುಟ್ಟಬೇಡ!” ಎಂದಳು ಅಜ್ಜಿ ಬದುವಿನಿಂದ.

“ಕಳೆ ಅಜ್ಜಿ, ಇದು.”

“ಗೊತ್ತು. ಅದು ಮೇಷ್ಟ್ರ ಹತ್ತಿರ ಇಲ್ಲ. ನಿನ್ನ ಮಗಳು ಭಾನುವಾರ ಬಂದು ನೋಡ್ಕೊಂಡು ಹೋದಳು, ಬೀಜ ಬಲಿಯೋವರೆಗೂ ಬಿಡಿ ಅಂದಳು.”

ಅವನು ಎರಡನೆಯ ಸಾಲಿಗೆ ಜರುಗಿದ.

“ಅದೂ ಬೇಡ. ಅದು ಹೂ ಬಿಡಲಿ.”

“ಹಾಗಾದ್ರೆ ನಿನ್ನ ಆಳು ನಾನು ಹೇಗಜ್ಜಿ ತೀರಿಸೋದು? ಇಪ್ಪತ್ತಾರು ಮುಗೀತು, ನಿನ್ನದೊಂದು ಕುತ್ತಿಗೆ ಮೇಲೆ ಕೂತಿದೆ.”

“ಕೂತಿರಲಿ.” ಅಜ್ಜಿ ಕೋಲಿನಿಂದ ಬದುವಿನ ಆಚೆ ತುದಿ ತೋರಿಸಿದಳು. ಅಲ್ಲಿ ಮರದ ನೆರಳಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಪುಸ್ತಕವನ್ನು ಮೊಣಕಾಲ ಮೇಲಿಟ್ಟು, ಬೆರಳಿನಿಂದ ಸಾಲು ಹಿಡಿದು ಓದುತ್ತಿದ್ದಳು. “ನನ್ನ ಮೊಮ್ಮಗಳು. ಏಳನೇ ಕ್ಲಾಸು. ಇನ್ನೈದು ವರ್ಷಕ್ಕೆ ಇವಳಿಗೂ ಕಾಲೇಜು ಬರುತ್ತಲ್ಲ? ಅವತ್ತು ಬಾ ನೀನು.”

ಹೊರಟಣ್ಣ ಬೆರಳು ಮಡಚಿ ಲೆಕ್ಕ ಹಾಕಿದ. “ಇನ್ನೈದು ವರ್ಷಕ್ಕೆ ನನಗೆ ಐವತ್ತೈದು ಆಗುತ್ತಜ್ಜಿ. ಸೊಂಟ ಬಗ್ಗುತ್ತೋ ಇಲ್ಲವೋ.”

“ಅದನ್ನ ನೋಡ್ಕೊಳೋದು ನಿನ್ನ ಕೆಲಸ. ನನ್ನ ಆಳು ನೀನು, ಬಾಕಿ ಇರೋವರೆಗೂ ಸೊಂಟ ನನ್ನದು. ಭಾರ ಎತ್ತಬೇಡ, ಮಳೇಲಿ ನೆನೀಬೇಡ. ಮತ್ತೆ ಕೇಳಿಲ್ಲಿ, ಅವತ್ತು ಬರುವಾಗ—”

ಹೊರಟಣ್ಣ ಕುಡುಗೋಲನ್ನು ನೆಲಕ್ಕಿಟ್ಟು, ಉಳಿದದ್ದನ್ನು ಕೇಳಲು ಬದುವಿನ ಮೇಲೆ ಕೂತ.